ಮದುವೆಯಾಗಿ ಹೋದ ಅಕ್ಕನ ಮಜ್ಜೆ ತಮ್ಮನಿಗೆ ಆಗುತ್ತದೆಯೇ?

ಪ್ರಶ್ನೆ: ನನ್ನ ತವರು ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಗಂಡನ ಮನೆ ಬದಿಯಡ್ಕದ ಹತ್ತಿರ. ವಯಸ್ಸು 31, ಇಬ್ಬರು ಮಕ್ಕಳು. ಚಿಕ್ಕವನಿಗೆ 14 ತಿಂಗಳು, ಇನ್ನೂ ಹಾಲು ಬಿಡಿಸಿಲ್ಲ. ತವರಿನಲ್ಲಿ ತೋಟ ನೋಡಿಕೊಳ್ಳುವ ತಮ್ಮನಿಗೆ 26. ಎರಡು ತಿಂಗಳ ಹಿಂದೆ ಅವನ ಒಸಡಿನಲ್ಲಿ ರಕ್ತ ಬರಲಿಕ್ಕೆ ಶುರುವಾಯಿತು, ಕಾಲಿನಲ್ಲೆಲ್ಲ ಕೆಂಪು ಚುಕ್ಕೆ ಎದ್ದಿತು. ಮಂಗಳೂರಿನಲ್ಲಿ ಮಜ್ಜೆ ಪರೀಕ್ಷೆ ಮಾಡಿ ತೀವ್ರ ಅಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮಜ್ಜೆಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗುವ ಕಾಯಿಲೆ ಎಂದರು. ರಕ್ತ ಸೋರುವುದನ್ನು ತಡೆಯುವ ಪ್ಲೇಟ್‌ಲೆಟ್ ಬರೀ 9,000. ನನ್ನ ಎಚ್‌ಎಲ್‌ಎ (ಕೋಶಗಳ ಗುರುತು) ಅವನಿಗೆ ಪೂರ್ತಿ ಹೊಂದಿದೆಯಂತೆ, ಮಜ್ಜೆ ಕೊಡಬೇಕು ಎನ್ನುತ್ತಾರೆ. ಬೆನ್ನುಮೂಳೆಯಿಂದ ತೆಗೆದರೆ ನಡು ಹೋಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಅತ್ತೆ ಹೆದರುತ್ತಾರೆ. ಮದುವೆಯಾಗಿ ಗೋತ್ರ ಬೇರೆಯಾದವಳ ರಕ್ತ ಹೇಗೆ ಸೇರುತ್ತದೆ ಎಂದು ನೆಂಟರು ಕೇಳುತ್ತಾರೆ. ಮಗನ ಹೊಕ್ಕುಳಬಳ್ಳಿಯ ರಕ್ತವನ್ನು ದುಡ್ಡು ಕೊಟ್ಟು ತೆಗೆದಿರಿಸಿದ್ದೇವೆ, ಅದು ಸಾಕಾಗದೇ? ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುವವರೂ ಇದ್ದಾರಂತೆ. ಇದೆಲ್ಲ ಎಂಡೋಸಲ್ಫಾನ್ ಕೀಟನಾಶಕದಿಂದ ಆದದ್ದೇ? ನನ್ನ ರಕ್ತ ಎ ಪಾಸಿಟಿವ್, ಅವನದು ಒ ಪಾಸಿಟಿವ್. ಸದ್ಯಕ್ಕೆ ಅವನಿಗೆ ರಕ್ತ ಬೇಕಾದಾಗಲೆಲ್ಲ ಅಪ್ಪ, ಚಿಕ್ಕಪ್ಪ ಕೊಡುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಉಳಿದದ್ದಕ್ಕೆ ಒಂದೆರಡು ದಿನ ತಡೆದರೂ ಆದೀತು, ಇದಕ್ಕೆ ಆಗುವುದಿಲ್ಲ. ಅಪ್ಪ, ಚಿಕ್ಕಪ್ಪ ಇಂದಿನಿಂದಲೇ ತಮ್ಮನಿಗೆ ನೇರವಾಗಿ ರಕ್ತ ಕೊಡುವುದನ್ನು ನಿಲ್ಲಿಸಲಿ. ನೀವಂತೂ ಈಗ ಒಂದು ಬಾಟಲಿಯನ್ನೂ ಕೊಡಬೇಡಿ. ನಮ್ಮ ಕಡೆ ರಕ್ತ ಬೇಕೆಂದ ಕೂಡಲೇ ಮನೆಯವರೇ ಸಾಲುಗಟ್ಟಿ ನಿಲ್ಲುತ್ತಾರೆ. ಅದರ ಹಿಂದಿನ ಪ್ರೀತಿ ನನಗೆ ಗೊತ್ತು. ಆದರೆ ರಕ್ತಸಂಬಂಧಿಗಳ ರಕ್ತ ಮೈಗೆ ಸೇರಿದಷ್ಟೂ ಆ ಕುಟುಂಬದ ಗುರುತುಗಳ ವಿರುದ್ಧ ರೋಗಿಯ ಮೈ ಸಜ್ಜಾಗುತ್ತ ಹೋಗುತ್ತದೆ. ನಾಳೆ ನಿಮ್ಮ ಮಜ್ಜೆ ಒಳಗೆ ಹೋದಾಗ ಅದನ್ನು ಶತ್ರುವೆಂದು ತಿಳಿದು ಹೊರದಬ್ಬಬಹುದು. ಅಪ್ಪ, ಚಿಕ್ಕಪ್ಪ ರಕ್ತನಿಧಿಗೆ ಕೊಡಲಿ, ಅದು ಬೇರೆ ಯಾರಿಗೋ ಹೋಗಲಿ. ತಮ್ಮನಿಗೆ ಹೊರಗಿನವರ ರಕ್ತ ಬರಲಿ, ಅದೂ ಬಿಳಿ ಕಣಗಳನ್ನು ಸೋಸಿ, ವಿಕಿರಣ ಹಾಯಿಸಿದ ರಕ್ತ ಸಿಕ್ಕಿದರೆ ಒಳ್ಳೆಯದು. ಡಾಕ್ಟರರಲ್ಲಿ ಇದನ್ನು ಬಾಯಿಬಿಟ್ಟು ಕೇಳಿ. ಹಿಂದೊಮ್ಮೆ ನನ್ನ ಹತ್ತಿರ ಬಂದ ಹುಡುಗನೊಬ್ಬನಿಗೆ ಅಷ್ಟರಲ್ಲೇ ಅಣ್ಣಂದಿರ, ಭಾವಂದಿರ ಹತ್ತಾರು ಬಾಟಲಿ ರಕ್ತ ಏರಿಸಿ ಆಗಿತ್ತು. ಅಣ್ಣನ ಮಜ್ಜೆ ಮೊದಲ ಸಲ ಹಿಡಿಯಲೇ ಇಲ್ಲ. ಎರಡನೇ ಸಲಕ್ಕೆ ಅವನು ಪಟ್ಟ ಪಾಡು ನನಗೆ ಇಂದಿಗೂ ಮರೆಯುವುದಿಲ್ಲ.

ಇನ್ನು ನಿಮ್ಮ ಭಯ. ನೀವು ಕೇಳಿದ ಪ್ರಶ್ನೆಗಳು ಹಲವು, ಅವುಗಳ ಅಡಿಯಲ್ಲಿ ಇರುವುದು ಒಂದೇ: ತಮ್ಮನನ್ನು ಉಳಿಸಲಿಕ್ಕೆ ಹೋಗಿ ನನ್ನ ಮಕ್ಕಳಿಗೆ ನಾನು ಇಲ್ಲವಾದರೆ? ಈ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದೇನೆ. ನಾನು ನೋಡಿದ ದಾನಿಗಳಲ್ಲಿ ನಡು ಬಿದ್ದವರು ಒಬ್ಬರೂ ಇಲ್ಲ. ಈ ಭಯ ಹುಟ್ಟಿದ್ದು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದುಕೊಂಡದ್ದರಿಂದ. ಬೆನ್ನುಮೂಳೆಯ ಕೊಳವೆಯೊಳಗೆ ಇರುವುದು ಬೆನ್ನುಹುರಿ. ಅದು ನರ, ಅದಕ್ಕೆ ಪೆಟ್ಟಾದರೆ ಕಾಲು ಹೋಗುತ್ತದೆ, ನಿಜ. ಅಸ್ಥಿಮಜ್ಜೆ ಇರುವುದು ಎಲುಬಿನ ಒಳಗಿನ ಸ್ಪಂಜಿನಂಥ ಜಾಗದಲ್ಲಿ. ಅದನ್ನು ತೆಗೆಯುವುದು ಸೊಂಟದ ಹಿಂಬದಿಯ ಎಲುಬಿನಿಂದ, ಸೀರೆ ಕಟ್ಟುವಲ್ಲಿ ಕೈಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅಲ್ಲಿಂದ. ಬೆನ್ನುಹುರಿ ಅದರ ದಾರಿಯಲ್ಲೇ ಇಲ್ಲ. ತಮ್ಮನ ಮಜ್ಜೆ ಪರೀಕ್ಷೆಯನ್ನೂ ಅಲ್ಲಿಂದಲೇ ಮಾಡಿರುತ್ತಾರೆ, ಅವನನ್ನೇ ಕೇಳಿ.

ತೆಗೆಯಲಿಕ್ಕೆ ಎರಡು ದಾರಿ. ಒಂದರಲ್ಲಿ ಪೂರ್ಣ ಅರಿವಳಿಕೆ ಕೊಟ್ಟು, ಸೊಂಟದ ಎಲುಬಿಗೆ ಸೂಜಿ ಹಾಕಿ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನವರೆಗೆ ಎಳೆಯುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ರಕ್ತವೇ. ಒಂದು ರಾತ್ರಿ ಆಸ್ಪತ್ರೆ, ವಾರ ಹತ್ತು ದಿನ ಸೊಂಟದಲ್ಲಿ ಬಿದ್ದು ಪೆಟ್ಟಾದಂಥ ನೋವು, ಕೆಲವು ವಾರ ಕಬ್ಬಿಣದ ಮಾತ್ರೆ. ಇನ್ನೊಂದು ದಾರಿಯಲ್ಲಿ ಜಿ-ಸಿಎಸ್‌ಎಫ್ ಎಂಬ ಇಂಜೆಕ್ಷನ್ನನ್ನು ನಾಲ್ಕೈದು ದಿನ ಚರ್ಮದಡಿಗೆ ಕೊಡುತ್ತಾರೆ. ಮಜ್ಜೆಯ ಆಕರಕೋಶಗಳು, ಅಂದರೆ ನೀವು ಕೇಳಿದ ಸ್ಟೆಮ್ ಸೆಲ್‌ಗಳು, ಆಗ ರಕ್ತಕ್ಕೆ ಇಳಿಯುತ್ತವೆ. ಆಮೇಲೆ ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕೋಶ ಅಲ್ಲಿ ಉಳಿದು, ಮಿಕ್ಕಿದ್ದು ಇನ್ನೊಂದು ಕೈಗೆ ಬರುತ್ತದೆ. ನಾಲ್ಕೈದು ಗಂಟೆಯ ಕೆಲಸ, ಅರಿವಳಿಕೆ ಇಲ್ಲ. ಇಂಜೆಕ್ಷನ್ನಿನ ದಿನಗಳಲ್ಲಿ ಫ್ಲೂ ಜ್ವರದ ಹಾಗೆ ಮೂಳೆ ಮೂಳೆ ನೋಯುತ್ತದೆ. ಈ ಇಂಜೆಕ್ಷನ್ನಿನಿಂದ ದಾನಿಗೆ ಮುಂದೆ ರಕ್ತದ ಕ್ಯಾನ್ಸರ್ ಬರುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬೀಳಬಹುದು. ದಾನಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಹಾಗೆ ಕಂಡುಬಂದಿಲ್ಲ.

ಅಪಾಯ ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. ಅರಿವಳಿಕೆಗೆ ಅದರದೇ ಆದ ಸಣ್ಣ ಅಪಾಯ ಉಂಟು. ಇಂಜೆಕ್ಷನ್ನಿನಿಂದ ಹೊಟ್ಟೆಯ ಎಡಬದಿಯಲ್ಲಿರುವ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ತೀರಾ ಅಪರೂಪಕ್ಕೆ ಅದು ಒಡೆದದ್ದೂ ಇದೆ. ಅದಕ್ಕೇ ಹೃದಯ, ರಕ್ತದೊತ್ತಡ, ಸೋಂಕು, ಗರ್ಭ ಎಲ್ಲ ಪರೀಕ್ಷಿಸಿಯೇ ದಾನಿಯನ್ನು ಒಪ್ಪುತ್ತಾರೆ. ಗರ್ಭಿಣಿಯಾಗಿದ್ದರೆ ತೆಗೆಯುವುದಿಲ್ಲ. ಕೊಟ್ಟಾದ ಮೇಲೆ ಗರ್ಭ ನಿಲ್ಲುವುದಕ್ಕೂ ಹೆರುವುದಕ್ಕೂ ಇದರಿಂದ ಅಡ್ಡಿ ಇಲ್ಲ ಎಂದು ನಿಮ್ಮ ಅತ್ತೆಯವರಿಗೆ ಧೈರ್ಯವಾಗಿ ಹೇಳಿ. ಮಗುವಿಗೆ ಹಾಲು ಕೊಡುತ್ತಿದ್ದೀರಿ ಎಂಬುದನ್ನು ಮಾತ್ರ ಮೊದಲೇ ತಿಳಿಸಬೇಕು. ಯಾವ ದಾರಿ ಹಿಡಿಯುವುದು, ಎಷ್ಟು ದಿನ ಹಾಲು ನಿಲ್ಲಿಸುವುದು ಎಂಬುದು ಅದರ ಮೇಲೆ ನಿಂತಿದೆ. 14 ತಿಂಗಳ ಮಗು ಗಂಜಿ, ಅನ್ನ ತಿನ್ನುತ್ತದೆ, ಹಸಿದು ಕೂರುವುದಿಲ್ಲ. ಆದರೆ ಹಾಲು ಬಿಡಿಸುವ ರಂಪಾಟ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಶುರುವಾಗದ ಹಾಗೆ ಈಗಲೇ ಅಭ್ಯಾಸ ಮಾಡಿಸಿ.

ಗೋತ್ರದ ಪ್ರಶ್ನೆಗೆ ಉತ್ತರ ಚಿಕ್ಕದು. ಎಚ್‌ಎಲ್‌ಎ ಎಂದರೆ ನಮ್ಮ ಕೋಶಗಳ ಮೇಲೆ ಇರುವ ಗುರುತು. ಇಂಥದೊಂದನ್ನು 1958ರಲ್ಲಿ ಮೊದಲು ತೋರಿಸಿಕೊಟ್ಟವರು ಫ್ರಾನ್ಸಿನ ಜಾನ್ ದೋಸೆ. ಆ ಗುರುತಿನ ಒಂದು ಪಾಲು ಅಪ್ಪನಿಂದ, ಒಂದು ಪಾಲು ಅಮ್ಮನಿಂದ ಬರುತ್ತದೆ. ಹಾಗಾಗಿ ಒಡಹುಟ್ಟಿದ ಇಬ್ಬರಲ್ಲಿ ಎರಡೂ ಪಾಲು ಒಂದೇ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿಮ್ಮಿಬ್ಬರಿಗೆ ಅದು ಕೂಡಿಬಂದಿದೆ. ಧಾರೆ ಎರೆದದ್ದರಿಂದ ಅದು ಬದಲಾಗುವುದಿಲ್ಲ.

"ಇಷ್ಟು ಮಜ್ಜೆಯಿಂದ ಇಡೀ ಮೈಯ ರಕ್ತ ಹೇಗಾಗುತ್ತದೆ" ಎಂದು ನಿಮ್ಮ ಮನೆಯವರು ಕೇಳದೆ ಇರಲಾರರು. ಅದಕ್ಕೆ ಉತ್ತರ ಸಿಕ್ಕಿದ ಕಥೆ ನನಗೆ ತುಂಬ ಪ್ರೀತಿಯದ್ದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಕ್ತ ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ ಎಂದು 1868ರಲ್ಲೇ ಜರ್ಮನಿಯ ಅರ್ನ್ಸ್ಟ್ ನ್ಯೂಮನ್ ಬರೆದಿದ್ದರು. ಆದರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ತಾಯಿ ಒಂದೇ ಕೋಶವೋ, ಬೇರೆ ಬೇರೆಯೋ ಎಂಬ ಜಗಳ ಹತ್ತಾರು ವರ್ಷ ನಡೆಯಿತು. ಹಿರೋಶಿಮಾದ ನಂತರ, ವಿಕಿರಣದಿಂದ ಮಜ್ಜೆ ಸತ್ತವರನ್ನು ಉಳಿಸುವುದು ಹೇಗೆ ಎಂಬ ಚಿಂತೆ ಎಲ್ಲ ಕಡೆ ಹಬ್ಬಿತ್ತು. ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಎಂಬ ಭೌತವಿಜ್ಞಾನಿ, ಅರ್ನೆಸ್ಟ್ ಮೆಕ್ಕಲ್ಲಕ್ ಎಂಬ ವೈದ್ಯ ಜೊತೆಯಾಗಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಇಲಿಗಳ ಮಜ್ಜೆಯನ್ನು ವಿಕಿರಣದಿಂದ ಕೊಂದು, ಬೇರೆ ಇಲಿಯ ಮಜ್ಜೆಯ ಕೋಶಗಳನ್ನು ಎಣಿಸಿ ರಕ್ತನಾಳಕ್ಕೆ ಸೇರಿಸುತ್ತಿದ್ದರು. ಸುಮಾರು ಹತ್ತು ದಿನ ಕಳೆದ ಮೇಲೆ, ಒಂದು ಭಾನುವಾರ ಮೆಕ್ಕಲ್ಲಕ್ ಆ ಇಲಿಗಳ ಗುಲ್ಮ ತೆರೆದು ನೋಡಿದಾಗ ಅದರ ಮೇಲೆ ಸಣ್ಣ ಸಣ್ಣ ಗಂಟುಗಳು ಕಂಡವು. ಹಾಕಿದ ಕೋಶ ಹೆಚ್ಚಾದ ಹಾಗೆ ಗಂಟೂ ಹೆಚ್ಚು. ಲೆಕ್ಕ ಹಾಕಿದರೆ ಸರಿಸುಮಾರು 10,000 ಮಜ್ಜೆಕೋಶಕ್ಕೆ ಒಂದು ಗಂಟು. ಒಂದೊಂದು ಗಂಟಿನೊಳಗೂ ಬೇರೆ ಬೇರೆ ಬಗೆಯ ರಕ್ತಕೋಶಗಳು ಬೆಳೆಯುತ್ತಿದ್ದವು. ಇದು ಪ್ರಕಟವಾದದ್ದು 1961ರಲ್ಲಿ. ಎರಡು ವರ್ಷ ಬಿಟ್ಟು ಅವರ ವಿದ್ಯಾರ್ಥಿ ಆಂಡ್ರ್ಯೂ ಬೆಕರ್ ಇನ್ನೊಂದು ಜಾಣತನ ಮಾಡಿದರು. ವಿಕಿರಣದಿಂದ ಕ್ರೋಮೊಸೋಮಿನಲ್ಲಿ ಒಂದೊಂದು ವಿಚಿತ್ರ ಗುರುತು ಬಿದ್ದ ಕೋಶಗಳನ್ನು ಬಳಸಿ, ಒಂದು ಗಂಟಿನ ಎಲ್ಲ ಕೋಶಗಳಲ್ಲೂ ಅದೇ ಗುರುತು ಇರುವುದನ್ನು ತೋರಿಸಿದರು. ಅಂದರೆ ಇಡೀ ಗಂಟು ಒಂದೇ ಕೋಶದ ಸಂತಾನ. ಆ ಒಂದು ಕೋಶ ತನ್ನಂಥವನ್ನೂ ಹುಟ್ಟಿಸುತ್ತದೆ, ತನಗಿಂತ ಬೇರೆಯಾದ ರಕ್ತಕಣಗಳನ್ನೂ ಹುಟ್ಟಿಸುತ್ತದೆ. ನಾವು ಆಕರಕೋಶ ಎನ್ನುವುದು ಇದನ್ನೇ.

ನಿಮ್ಮ ಊರಿನವರಿಗೆ ಇದನ್ನು, ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ನೀರಿನ ಹಾಗೆ ಎಂದು ಹೇಳಿದರೆ ಸಾಕು. ಎಣ್ಮಕಜೆಯ ಗುಡ್ಡದ ಸುರಂಗದಿಂದ ಎಷ್ಟು ನೀರು ಬಳಸಿದರೂ ಒರತೆ ಇದ್ದರೆ ಮರುದಿನ ಬೆಳಿಗ್ಗೆ ತೊಟ್ಟಿ ತುಂಬಿರುತ್ತದೆ. ಆರೋಗ್ಯವಂತರ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣ, 10,000 ಕೋಟಿ ಪ್ಲೇಟ್‌ಲೆಟ್ ಮಾಡುತ್ತದೆ. ನಿಮ್ಮಿಂದ ತೆಗೆದದ್ದು ಕೆಲವೇ ವಾರಗಳಲ್ಲಿ ಮತ್ತೆ ಆಗಿರುತ್ತದೆ. ತಮ್ಮನಲ್ಲಿ ಬತ್ತಿರುವುದು ಒರತೆ. ಕೆಂಪು ಕಣ 120 ದಿನ ಬಾಳುತ್ತದೆ, ಪ್ಲೇಟ್‌ಲೆಟ್ ಹತ್ತು ದಿನವೂ ಕಷ್ಟ. ಅದಕ್ಕೇ ಅವನಿಗೆ ಸುಸ್ತಿಗಿಂತ ಮೊದಲು ಒಸಡಿನ ರಕ್ತ ಕಂಡದ್ದು.

ಮಜ್ಜೆ ಕಸಿ, ಅಂದರೆ ಒಬ್ಬರ ಮಜ್ಜೆಯನ್ನು ಇನ್ನೊಬ್ಬರಿಗೆ ಕೊಡುವುದು, ಪ್ರಯೋಗದ ಹಂತದ ಚಿಕಿತ್ಸೆಯಲ್ಲ. ಅಮೆರಿಕದ ಡಾನಲ್ ಥಾಮಸ್ 1957ರಲ್ಲಿ ಮನುಷ್ಯರಿಗೆ ಮಜ್ಜೆ ಕೊಟ್ಟು ನೋಡಿದಾಗ ಫಲ ಸಿಕ್ಕಲಿಲ್ಲ. ಎಚ್‌ಎಲ್‌ಎ ಹೊಂದಿಸುವುದು ಕಲಿತ ಮೇಲೆ ದಾರಿ ತೆರೆಯಿತು, 1990ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ 1983ರಲ್ಲಿ, ವೆಲ್ಲೂರಿನ ಸಿಎಂಸಿ 1986ರಲ್ಲಿ ಇದನ್ನು ಶುರುಮಾಡಿದವು. ಇಂದು ನಿಮಗೆ ಹತ್ತಿರದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲೂ ಮಜ್ಜೆ ಕಸಿ ಮಾಡುತ್ತಾರೆ. ಮಂಗಳೂರು–ಚೆನ್ನೈ ಮೇಲ್ ರೈಲು ಕಾಸರಗೋಡಿನಲ್ಲಿ ಹತ್ತಿದರೆ ಕಾಟ್ಪಾಡಿಯಲ್ಲಿ ಇಳಿದು ವೆಲ್ಲೂರಿಗೆ ಹೋಗಬಹುದು. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಆ ದಾರಿ ಸವೆಸಿವೆ.

ಈಗ ತಮ್ಮನಿಗೆ ಇದು ಯಾಕೆ ಬಂತು ಎಂಬುದು. ಎಂಡೋಸಲ್ಫಾನ್ ಎಂದು ಕೇಳಿದ್ದೀರಿ, ನಿಮ್ಮ ಊರಿನವರು ಕೇಳದಿದ್ದರೆ ಇನ್ಯಾರು ಕೇಳಬೇಕು? ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಅದನ್ನು ಸುರಿದರು, ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಮನೆಗಳಲ್ಲಿ ಅದರ ನೋವು ಇನ್ನೂ ಇದೆ. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ದೇಶಕ್ಕೆ ನಿಷೇಧ ಬಂದದ್ದು 2011ರಲ್ಲಿ. ಆದರೆ ಈ ಒಬ್ಬ ಹುಡುಗನ ಈ ಕಾಯಿಲೆ ಅದರಿಂದಲೇ ಎಂದು ಬೊಟ್ಟು ಮಾಡುವ ಪರೀಕ್ಷೆ ಯಾವುದೂ ಇಲ್ಲ. ಬೆಂಜೀನ್ ಎಂಬ ರಾಸಾಯನಿಕ, ಕ್ಲೋರಾಂಫೆನಿಕಾಲ್‌ನಂಥ ಕೆಲವು ಔಷಧಿ ಮಜ್ಜೆಯನ್ನು ಕೆಡಿಸುವುದು ಖಚಿತವಾಗಿ ಗೊತ್ತಿದೆ. ಕೀಟನಾಶಕಗಳ ಮೇಲೂ ಅನುಮಾನ ಉಂಟು. ಆದರೂ ಹೆಚ್ಚಿನ ರೋಗಿಗಳಲ್ಲಿ ಹೊರಗಿನ ಕಾರಣ ಸಿಗುವುದಿಲ್ಲ. ಒಳಗೆ ಏನಾಗುತ್ತಿದೆ ಎಂಬುದು ಮಾತ್ರ ಗೊತ್ತು: ಸೋಂಕಿನ ವಿರುದ್ಧ ಹೋರಾಡಬೇಕಾದ ಟಿ ಕೋಶಗಳು ದಾರಿ ತಪ್ಪಿ ತನ್ನದೇ ಮಜ್ಜೆಯ ಆಕರಕೋಶಗಳ ಮೇಲೆ ಬೀಳುತ್ತವೆ. ಪ್ಯಾರಿಸಿನ ಜಾರ್ಜ್ ಮಾಥೆ 1970ರಲ್ಲಿ ಇದರ ಸುಳಿವು ಕಂಡರು. ಕಸಿಗೆಂದು ಟಿ ಕೋಶ ಅಡಗಿಸುವ ಔಷಧಿ ಕೊಟ್ಟಾಗ, ದಾನಿಯ ಮಜ್ಜೆ ಹಿಡಿಯದಿದ್ದರೂ ಕೆಲವು ರೋಗಿಗಳ ಸ್ವಂತ ಮಜ್ಜೆ ಚೇತರಿಸಿಕೊಂಡಿತು.

ಆದ್ದರಿಂದ ಬೀಟ್‌ರೂಟ್, ದಾಳಿಂಬೆ, ಕಬ್ಬಿಣದ ಟಾನಿಕ್ಕಿನಿಂದ ಇದು ವಾಸಿಯಾಗುವುದಿಲ್ಲ. ಅವನಲ್ಲಿ ಕಬ್ಬಿಣಕ್ಕೆ ಕೊರತೆ ಇಲ್ಲ, ರಕ್ತ ಏರಿಸಿದ ಹಾಗೆ ಅದು ಮಿತಿಮೀರಿ ಯಕೃತ್ತಿನಲ್ಲಿ ಕೂರುತ್ತದೆ, ಟಾನಿಕ್ ಕೊಡುತ್ತಿದ್ದರೆ ನಿಲ್ಲಿಸಿ. ಪಪ್ಪಾಯಿ ಎಲೆಯ ಹಸಿ ರಸ ಬೇಡವೇ ಬೇಡ. ಬಿಳಿ ಕಣ ಇಲ್ಲದವನಿಗೆ ಹಸಿ ಸೊಪ್ಪಿನ ರಸ ಎಂದರೆ ಸೋಂಕನ್ನು ಲೋಟದಲ್ಲಿ ಕೊಟ್ಟ ಹಾಗೆ.

ಮುಂದಿನ ದಾರಿಗಳು ಎರಡು. 40ರೊಳಗಿನವರಿಗೆ, ಪೂರ್ತಿ ಹೊಂದುವ ಒಡಹುಟ್ಟು ಇದ್ದರೆ, ಕಸಿಯೇ ಮೊದಲ ಆಯ್ಕೆ. ಪಳಗಿದ ಕೇಂದ್ರಗಳಲ್ಲಿ, ಸೋಂಕು ಹಿಡಿಯುವ ಮೊದಲೇ ಬಂದವರಲ್ಲಿ ಹತ್ತರಲ್ಲಿ ಏಳೆಂಟು ಮಂದಿ ಗುಣವಾಗುತ್ತಾರೆ. ಉಳಿದವರ ಮಾತನ್ನೂ ಮುಚ್ಚಿಡಬಾರದು. ಮಜ್ಜೆ ಹಿಡಿಯದೆ ಹೋಗಬಹುದು, ಹಿಡಿಯುವ ಮೊದಲಿನ ಎರಡು ಮೂರು ವಾರಗಳಲ್ಲಿ ಸೋಂಕು ಜೀವ ತೆಗೆಯಬಹುದು, ನಿಮ್ಮ ಕೋಶಗಳೇ ಅವನ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿ ಬೀಳಬಹುದು. ಮೊದಲ ನೂರು ದಿನ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಮಾಡಿಕೊಂಡು ಇರಬೇಕಾಗುತ್ತದೆ. ಅವನು ಮದುವೆಯಾಗದ ಹುಡುಗನಾದರೆ ಕಸಿಗೆ ಮುಂಚೆ ವೀರ್ಯ ಶೇಖರಿಸಿಡುವ ಬಗ್ಗೆ ಕೇಳಲಿ. ಸಂಕೋಚದಿಂದ ಯಾರೂ ಇದನ್ನು ಬಾಯಿಬಿಡುವುದಿಲ್ಲ, ಆಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಎರಡನೆಯದು ಟಿ ಕೋಶಗಳನ್ನು ಅಡಗಿಸುವ ಎಟಿಜಿ, ಸೈಕ್ಲೋಸ್ಪೋರಿನ್, ಜೊತೆಗೆ ಮಜ್ಜೆಯನ್ನು ಚುರುಕುಗೊಳಿಸುವ ಎಲ್ಟ್ರಾಂಬೊಪ್ಯಾಗ್ ಎಂಬ ಔಷಧಿ. ದಾನಿ ಇಲ್ಲದವರಿಗೆ ಇದು ಒಳ್ಳೆಯ ಚಿಕಿತ್ಸೆ, ಮೂವರಲ್ಲಿ ಇಬ್ಬರಿಗೆ ಫಲ ಕೊಡುತ್ತದೆ. ಆದರೆ ಫಲ ಕಾಣಲಿಕ್ಕೆ ಮೂರರಿಂದ ಆರು ತಿಂಗಳು ಬೇಕು, ರೋಗ ಮರುಕಳಿಸಬಹುದು, ವರ್ಷಗಳ ನಂತರ ಕೆಲವರಲ್ಲಿ ಮಜ್ಜೆಯ ಬೇರೆ ಕಾಯಿಲೆ, ರಕ್ತದ ಕ್ಯಾನ್ಸರ್ ಕೂಡ ತಲೆ ಎತ್ತುವುದುಂಟು. ಮೊದಲು ಇದನ್ನು ನೋಡೋಣ, ಆಗದಿದ್ದರೆ ಅಕ್ಕನ ಮಜ್ಜೆ ಎಂದು ಮುಂದೂಡಿದರೆ, ಆ ಆರು ತಿಂಗಳಲ್ಲಿ ರಕ್ತ ಏರಿಸಿ ಏರಿಸಿ, ಸೋಂಕು ಹಿಡಿದು, ಕಸಿಯ ಫಲವೂ ಕುಗ್ಗುತ್ತದೆ. ನಿಮ್ಮ ತಮ್ಮನ ವಯಸ್ಸಿಗೆ, ಈ ಹೊಂದಾಣಿಕೆಗೆ, ನನ್ನ ಅಭಿಪ್ರಾಯ ಕಸಿಯ ಕಡೆಗೇ.

ಅದಕ್ಕೂ ಮುಂಚೆ ಒಂದು ಪರೀಕ್ಷೆ ಆಗಿದೆಯೇ ನೋಡಿ. ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಯುವಕರಲ್ಲಿ ಇದೇ ವೇಷದಲ್ಲಿ ಬರುತ್ತದೆ. ಕ್ರೋಮೊಸೋಮು ಒಡೆಯುವ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಅದು ಇದ್ದರೆ ಕಸಿಯ ಔಷಧಿಗಳ ಪ್ರಮಾಣವೇ ಬೇರೆ, ದಾನಿಯಾದ ನಿಮ್ಮನ್ನೂ ಪರೀಕ್ಷಿಸಬೇಕು.

ಮಗನ ಹೊಕ್ಕುಳಬಳ್ಳಿಯ ರಕ್ತ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 1988ರಲ್ಲಿ ಪ್ಯಾರಿಸಿನಲ್ಲಿ ಎಲಿಯಾನ್ ಗ್ಲುಕ್‌ಮನ್ ಇಂಥ ಮೊದಲ ಕಸಿ ಮಾಡಿದ್ದು ಫ್ಯಾಂಕೋನಿ ಇದ್ದ ಪುಟ್ಟ ಹುಡುಗನಿಗೆ, ಅವನ ನವಜಾತ ತಂಗಿಯ ರಕ್ತದಿಂದ. ದೊಡ್ಡವರ ಮೈಗೆ ಅದರಲ್ಲಿರುವ ಕೋಶ ಸಾಲುವುದು ಕಷ್ಟ. ಮೇಲಾಗಿ ನಿಮ್ಮ ಮಗ ಅವನ ಮಾವನಿಗೆ ಅರ್ಧ ಮಾತ್ರ ಹೊಂದುತ್ತಾನೆ, ನೀವು ಪೂರ್ತಿ ಹೊಂದುತ್ತೀರಿ. ಹೊಟ್ಟೆಯ ಕೊಬ್ಬಿನ ಇಂಜೆಕ್ಷನ್ನಿನ ಬಗ್ಗೆ ನನಗೆ ಸಿಟ್ಟಿದೆ. ಕೊಬ್ಬಿನ ಕೋಶ ರಕ್ತ ಮಾಡುವುದಿಲ್ಲ. ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ, ಇಂಥ ಇಂಜೆಕ್ಷನ್ನನ್ನು ಅನುಮತಿ ಪಡೆದ ಅಧ್ಯಯನದ ಹೊರಗೆ, ಹಣ ತೆಗೆದುಕೊಂಡು ಕೊಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ತೋಟ ಅಡವಿಟ್ಟು ತಂದ ದುಡ್ಡು ಅಲ್ಲಿಗೆ ಹೋಗದಿರಲಿ. ಕಸಿಗೆ ಖಾಸಗಿಯಲ್ಲಿ 10 ಲಕ್ಷದ ಮೇಲೆ ಬೇಕಾದೀತು. ಕೇರಳದ ಕಾಸ್ಪ್ ಎಂಬ ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ನೆರವು ಇದೆ. ನೀವು ಆರಿಸುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅಲ್ಲಿಯ ತನಕ ತಮ್ಮ ಹಟ್ಟಿಗೆ, ಗೊಬ್ಬರದ ಗುಂಡಿಗೆ, ಹಳೆ ಅಡಿಕೆ ಸುಲಿಯುವಲ್ಲಿಗೆ ಹೋಗಬಾರದು. ಆ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಹೋದರೆ ಕಸಿಯೇ ಕೈತಪ್ಪಬಹುದು. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಬೇರೆಯವರು ನೋಡಿಕೊಳ್ಳಲಿ. ಸೈಕ್ಲೋಸ್ಪೋರಿನ್ ಶುರುವಾದರೆ ಹಿತ್ತಲಿನ ಚಕ್ಕೋತ ತಿನ್ನಬಾರದು, ರಕ್ತದಲ್ಲಿ ಆ ಔಷಧಿಯ ಪ್ರಮಾಣ ಅದರಿಂದ ಏರುತ್ತದೆ. ಜ್ವರ 100.4 ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯದೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಹೊರಡಿ.

ಇನ್ನು ನಿಮ್ಮ ಒಪ್ಪಿಗೆ. ಆಗುವುದಿಲ್ಲ ಎನ್ನುವ ಹಕ್ಕು ನಿಮಗೆ ಪೂರ್ತಿ ಇದೆ, ತಮ್ಮ ಎಂಬ ಕಾರಣಕ್ಕೆ ಅದು ಹೋಗುವುದಿಲ್ಲ. ತಮ್ಮನನ್ನು ನೋಡುತ್ತಿರುವವರಲ್ಲದೆ ಬೇರೊಬ್ಬ ವೈದ್ಯರು ದಾನಿಯಾಗಿ ನಿಮ್ಮನ್ನು ಪರೀಕ್ಷಿಸಲಿ ಎಂದು ಕೇಳಿ, ಅವರೊಡನೆ ಒಬ್ಬರೇ ಕೂತು ಮಾತಾಡಿ. ನಿಮ್ಮ ಗಂಡನನ್ನೂ ಅತ್ತೆಯನ್ನೂ ಇನ್ನೊಂದು ದಿನ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ಒಂದು ಮಾತ್ರ ಮನಸ್ಸಿನಲ್ಲಿರಲಿ: ಅವನ ಅಳಿದುಳಿದ ಮಜ್ಜೆಯನ್ನೂ ಅಳಿಸುವ ಕಸಿಯ ತಯಾರಿಯ ಔಷಧಿ ತಮ್ಮನ ಮೈಗೆ ಹೋದ ಮೇಲೆ ನೀವು ಹಿಂದೆ ಸರಿದರೆ ಅವನು ಉಳಿಯುವುದು ಕಷ್ಟ. ಅನುಮಾನ ಇದ್ದರೆ ಅದಕ್ಕೆ ಮೊದಲೇ ಹೇಳಿಬಿಡಿ, ಹೇಳಿದ್ದಕ್ಕೆ ಯಾರೂ ನಿಮ್ಮನ್ನು ದೂರುವ ಹಾಗಿಲ್ಲ.

ರಕ್ತದ ಗುಂಪು ಬೇರೆಯಾದರೂ ಕಸಿಗೆ ತೊಂದರೆ ಇಲ್ಲ, ಎಚ್‌ಎಲ್‌ಎ ಹೊಂದುವುದು ಮುಖ್ಯ. ನಿಮ್ಮದು ಎ, ಅವನದು ಒ ಆದ್ದರಿಂದ ಮಜ್ಜೆಯಲ್ಲಿನ ಕೆಂಪು ಕಣಗಳನ್ನು ಬೇರ್ಪಡಿಸಿ ಕೊಡುತ್ತಾರೆ, ಕೆಂಪು ಕಣ ಏರಲಿಕ್ಕೆ ಸ್ವಲ್ಪ ಹೆಚ್ಚು ವಾರ ಹಿಡಿಯಬಹುದು. ಎಲ್ಲ ಸರಿಯಾಗಿ ನಡೆದರೆ ಕೆಲವು ತಿಂಗಳಲ್ಲಿ ಅವನ ರಕ್ತವೂ ಎ ಪಾಸಿಟಿವ್ ಆಗಿರುತ್ತದೆ. ಆಗ ಅವನ ಲೈಸೆನ್ಸಿನಲ್ಲಿರುವ ರಕ್ತದ ಗುಂಪನ್ನು ಬದಲಿಸಲಿಕ್ಕೆ ಮರೆಯಬೇಡಿ.